ಹಣ ಕಟ್ಟುವ ಇಂಟರ್ನ್‌ಶಿಪ್ಪೋ, ಸಂಬಳವಿಲ್ಲದ ಸ್ಟಾರ್ಟಪ್ಪೋ, ಪೀಣ್ಯದ ಕಾರ್ಖಾನೆಯೋ?

ಆರನೆಯ ಸೆಮಿಸ್ಟರ್
ಎಲ್ಲರಿಗೂ ನಮಸ್ಕಾರ. ಯಲಹಂಕದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಓದುತ್ತಿದ್ದೇನೆ. ಊರು ಅರಸೀಕೆರೆಯ ಹತ್ತಿರ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮುಂದಿನ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂದಿದ್ದೇನೆ, ಆದರೆ ಎದುರಿಗಿರುವ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಯುತ್ತಿಲ್ಲ. ಒಂದು ಸಂಸ್ಥೆ 8,000 ರೂಪಾಯಿ ಕಟ್ಟಿಸಿಕೊಂಡು ಆನ್‌ಲೈನಿನಲ್ಲಿ ಪಾಠ ಹೇಳಿ, ಸಿದ್ಧ ಪ್ರಾಜೆಕ್ಟ್ ಒಂದನ್ನು ಮಾಡಿಸಿ ಪ್ರಮಾಣಪತ್ರ ಕೊಡುತ್ತದೆ. ನಮ್ಮ ತರಗತಿಯ ಬಹಳ ಜನ ಅಲ್ಲಿ ಹೆಸರು ಕೊಟ್ಟಾಗಿದೆ. ಎಚ್‌ಎಸ್‌ಆರ್ ಬಡಾವಣೆಯ ಒಂದು ಸ್ಟಾರ್ಟಪ್ ಕರೆದಿದೆ, ಆದರೆ ಬಿಡಿಗಾಸೂ ಕೊಡುವುದಿಲ್ಲ. ಮೂರನೆಯದು ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ. ಅಲ್ಲಿ ಸ್ಟೋರಿನ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಕೆಲಸವಿದೆ, ತಿಂಗಳಿಗೆ 7,000 ರೂಪಾಯಿ ಕೊಡುತ್ತಾರಂತೆ. ನಮ್ಮ ತಂದೆಯವರು ಇದಾವುದೂ ಬೇಡ, ಕ್ಯಾಂಪಸ್ ಪರೀಕ್ಷೆಗೆ ತಯಾರಿ ಮಾಡು ಎನ್ನುತ್ತಾರೆ. ಇಂಟರ್ನ್‌ಶಿಪ್ ಮಾಡಿದರೆ ಮುಂದೆ ಒಳ್ಳೆಯ ಕೆಲಸ ಸಿಗಲು ನಿಜವಾಗಿ ಸಹಾಯವಾಗುತ್ತದೆಯೆ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಗಾಂಧಿಬಜಾರ್ ಓದುಗ
8,000 ರೂಪಾಯಿ ಕೊಟ್ಟು ಮಾಡುವುದಕ್ಕೆ ಇಂಟರ್ನ್‌ಶಿಪ್ ಎನ್ನುವುದಿಲ್ಲ, ಟ್ಯೂಷನ್ ಎನ್ನುತ್ತಾರೆ.

ಬೆಳ್ಳಂದೂರು ಕೋಡರ್
ನಮ್ಮ ತಂಡಕ್ಕೆ ಹೊಸಬರನ್ನು ಆಯ್ಕೆ ಮಾಡುವ ಸಂದರ್ಶನಗಳಲ್ಲಿ ನಾನೂ ಕೂರುತ್ತೇನೆ, ಆದ್ದರಿಂದ ಮೇಜಿನ ಈ ಬದಿಯಿಂದ ಏನು ಕಾಣುತ್ತದೆ ಎಂಬುದನ್ನು ಹೇಳುತ್ತೇನೆ. ಪ್ರಮಾಣಪತ್ರಗಳನ್ನು ನಾವು ಓದುವುದೇ ಇಲ್ಲ. ಹಣ ಕಟ್ಟಿದ ಕಡೆ ಮಾಡಿಸುವ ಪ್ರಾಜೆಕ್ಟ್‌ಗಳು ನಾಲ್ಕೈದೇ ಇರುವುದರಿಂದ, ಒಂದೇ ದಿನ ಬಂದ ಹಲವು ಅಭ್ಯರ್ಥಿಗಳು ಟೈಟಾನಿಕ್ ಪ್ರಯಾಣಿಕರಲ್ಲಿ ಯಾರು ಬದುಕುಳಿದಿರಬಹುದು ಎಂದು ಊಹಿಸುವ ಅದೇ ಪ್ರೋಗ್ರಾಮನ್ನು ತೋರಿಸುತ್ತಾರೆ. 1912ರಲ್ಲಿ ಮುಳುಗಿದ ಆ ಹಡಗು ನಮ್ಮ ಸಂದರ್ಶನದ ಕೊಠಡಿಯಲ್ಲಿ ಇನ್ನೂ ಮುಳುಗುತ್ತಲೇ ಇದೆ.

ನಾವು ಕೇಳುವುದು ಬೇರೆ. ನೀವು ಹೋಗುವ ಮೊದಲು ಅಲ್ಲಿ ಆ ಕೆಲಸ ಹೇಗೆ ನಡೆಯುತ್ತಿತ್ತು? ನೀವು ಬರೆದದ್ದನ್ನು ಯಾರು ಓದಿ ತಿದ್ದಿದರು, ಏನೆಂದು ತಿದ್ದಿದರು? ಅದನ್ನು ನಿಜವಾಗಿ ಬಳಸಿದವರು ಯಾರು, ಬಳಸುವಾಗ ಎಲ್ಲಿ ಕೆಟ್ಟಿತು? ಇಷ್ಟಕ್ಕೆ ಹತ್ತು ನಿಮಿಷ ತಡವರಿಸದೆ ಉತ್ತರ ಹೇಳುವ ವಿದ್ಯಾರ್ಥಿ ಯಾವ ಕಾಲೇಜಿನವನಾದರೂ ನಮಗೆ ಬೇಕು. ಕೆಲಸ ಮಾಡಿದ ಜಾಗ ದೊಡ್ಡ ಹೆಸರಿನದೇ ಆಗಿರಬೇಕಿಲ್ಲ. ನಿಮ್ಮ ಕೆಲಸವನ್ನು ನೋಡಿ ಇದು ಸರಿಯಿಲ್ಲ ಎಂದು ಹೇಳುವ ಒಬ್ಬ ಮನುಷ್ಯ ಅಲ್ಲಿ ಇರಬೇಕು.

ಇನ್ನೊಂದು ಮಾತು. ದೊಡ್ಡ ಕಂಪನಿಗಳ ಮಟ್ಟಿಗೆ ಬೇಸಿಗೆಯ ಇಂಟರ್ನ್‌ಶಿಪ್ ಎಂದರೆ ಎರಡು ತಿಂಗಳು ನಡೆಯುವ ಸಂದರ್ಶನ. ಕೆಲಸ ಒಪ್ಪಿಗೆಯಾದವರಿಗೆ ಕೊನೆಯ ವರ್ಷದ ಪ್ಲೇಸ್‌ಮೆಂಟ್ ಶುರುವಾಗುವ ಮೊದಲೇ ಪಿಪಿಒ, ಅಂದರೆ ಪ್ರೀ-ಪ್ಲೇಸ್‌ಮೆಂಟ್ ಆಫರ್ ಬರುತ್ತದೆ. ಆದರೆ ಆ ಇಂಟರ್ನ್‌ಶಿಪ್‌ಗೆ ಸೇರಲು ಕೂಡ ಪರೀಕ್ಷೆ ಇರುತ್ತದೆ, ಹಾಗಾಗಿ ನಿಮ್ಮ ತಂದೆಯವರು ಹೇಳುವುದನ್ನು ಪೂರ್ತಿ ತಳ್ಳಿಹಾಕಬೇಡಿ.

ಕಾಲೇಜು ಮೇಷ್ಟ್ರು
ಹಣ ಕಟ್ಟುವ ಮಕ್ಕಳನ್ನು ನೋಡಿ ನಗುವುದು ಸುಲಭ, ಆದರೆ ಅವರನ್ನು ಅಲ್ಲಿಗೆ ನೂಕಿದ್ದು ಯಾರು ಎಂಬುದನ್ನೂ ಯೋಚಿಸಬೇಕು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. 2022ರ ಸ್ಕೀಮಿನಲ್ಲಂತೂ (ಪಠ್ಯಕ್ರಮದಲ್ಲಿ) ಕೊನೆಯ ವರ್ಷದಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ, ಅದಕ್ಕೆ ಕ್ರೆಡಿಟ್ ಇದೆ, ಅದಿಲ್ಲದೆ ಪದವಿ ಇಲ್ಲ. ಒಂದೊಂದು ವಿಭಾಗದಲ್ಲಿ ನೂರಾರು ವಿದ್ಯಾರ್ಥಿಗಳಿರುವಾಗ ಅಷ್ಟೂ ಜನರನ್ನು ಕೂರಿಸಿಕೊಂಡು ಕೆಲಸ ಕಲಿಸುವ ಕಂಪನಿಗಳು ಎಲ್ಲಿವೆ? ಬೆಂಗಳೂರಿನವರಿಗೇ ಇಷ್ಟು ಕಷ್ಟವಾದರೆ ಬೀದರ್, ರಾಯಚೂರು, ಹಾವೇರಿಯ ಕಾಲೇಜುಗಳ ಮಕ್ಕಳು ಏನು ಮಾಡಬೇಕು? ನಿಯಮ ಬಂದು ಜಾಗ ಬರದೆ ಹೋದಾಗ ಆ ನಡುವಿನ ಸಂದಿಯಲ್ಲಿ ಪ್ರಮಾಣಪತ್ರದ ಅಂಗಡಿಗಳು ಹುಟ್ಟಿಕೊಳ್ಳುತ್ತವೆ. ಕೆಲವು ಕಾಲೇಜುಗಳು ತಾವೇ ಅಂಥ ಸಂಸ್ಥೆಗಳನ್ನು ಕರೆದು ತರಗತಿಯೊಳಗೆ ಕೂರಿಸಿದ್ದನ್ನೂ ನಾನು ಕಂಡಿದ್ದೇನೆ.

ಗಾಂಧಿಬಜಾರ್ ಓದುಗ
ಮೇಷ್ಟ್ರೇ, ಹಾಗೆ ಕರೆತಂದು ಕೂರಿಸುವಾಗ ಅಧ್ಯಾಪಕರು ಏಕೆ ಸುಮ್ಮನಿರುತ್ತೀರಿ?

ಕಾಲೇಜು ಮೇಷ್ಟ್ರು
ಸುಮ್ಮನಿರದವರ ವೇಳಾಪಟ್ಟಿ ಮರುದಿನವೇ ಬದಲಾಗುತ್ತದೆ ಸ್ವಾಮಿ.

ಜಾಲಹಳ್ಳಿ ನಿವೃತ್ತ
ನಮ್ಮ ಕಾಲದಲ್ಲಿ ಇದಕ್ಕೆ ಅಪ್ರೆಂಟಿಸ್ ಎನ್ನುತ್ತಿದ್ದರು, ಮತ್ತು ಅದರ ಹಿಂದೆ ಕಾನೂನು ಇತ್ತು, ಈಗಲೂ ಇದೆ. ಅಪ್ರೆಂಟಿಸ್ ಕಾಯ್ದೆ 1961ರದು. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಅದರೊಳಗೆ ಬಂದರು. ಲಿಖಿತ ಒಪ್ಪಂದ, ತರಬೇತಿಯ ಅವಧಿ, ಕನಿಷ್ಠ ಸ್ಟೈಪೆಂಡ್ ಎಲ್ಲವೂ ಅದರಲ್ಲಿ ನಿಗದಿಯಾಗಿದೆ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಗಳಲ್ಲಿ ಕೆಲಸ ಕಲಿತವರು ಹೊರಗೆ ಬಂದು ಪೀಣ್ಯದಲ್ಲಿ ತಮ್ಮದೇ ಶೆಡ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೈಲ್, ಅಂದರೆ ಲೋಹ ಉಜ್ಜುವ ಅರ ಹಿಡಿಯುವುದನ್ನು ಸರಿಯಾಗಿ ಕಲಿಯುವವರೆಗೆ ನಮ್ಮ ಫೋರ್‌ಮನ್ ಯಂತ್ರದ ಹತ್ತಿರ ಹೋಗಲು ಬಿಡುತ್ತಿರಲಿಲ್ಲ. ಈಗಿನ ಇಂಟರ್ನ್ ಎಂಬ ಹುಡುಗನಿಗೆ ಒಪ್ಪಂದವೂ ಇಲ್ಲ, ಫೋರ್‌ಮನ್ನೂ ಇಲ್ಲ.

ರಾಜಾಜಿನಗರದಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಜಿಟಿಟಿಸಿಯನ್ನು ನೋಡಿ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯೊಳಗೆ ಕಲಿತ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅಲ್ಲಿಂದ ಬಂದ ಹುಡುಗರು ಕೆಲಸವಿಲ್ಲದೆ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ.

ಪ್ರಶ್ನೆ ಪತ್ರಿಕೆ
ಪದವೀಧರ ಅಪ್ರೆಂಟಿಸ್‌ಗಳಿಗೆ ಎಷ್ಟು ಕೊಡುತ್ತಾರೆ ಸರ್? ಓದುತ್ತಿರುವಾಗಲೇ ಸೇರಬಹುದೆ?

ಜಾಲಹಳ್ಳಿ ನಿವೃತ್ತ
2019ರಲ್ಲಿ ನಿಯಮ ತಿದ್ದಿದಾಗ ಪದವೀಧರರಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ಗೊತ್ತುಮಾಡಿದರು. ಎನ್‌ಎಟಿಎಸ್ ಎಂಬ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯ ಮೂಲಕ ಹೋದರೆ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಪದವಿ ಮುಗಿದವರಿಗೆ ಅದು ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. ಹಾಗಾಗಿ ಈ ಹುಡುಗನ ರಜೆಗೆ ಅದು ಒದಗುವುದಿಲ್ಲ, ಆದರೆ ಓದು ಮುಗಿದ ವರ್ಷ ಕೆಲಸ ಸಿಗದಿದ್ದರೆ ಮನೆಯಲ್ಲಿ ಕೂರುವ ಬದಲು ಅದನ್ನು ಹಿಡಿಯಬಹುದು.

ನಾಗರಬಾವಿ
ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಮಾತನ್ನು ಯಾರೂ ಎತ್ತಲಿಲ್ಲವಲ್ಲ. ದೊಡ್ಡ 500 ಕಂಪನಿಗಳಲ್ಲಿ ಅವಕಾಶ, ಶುರುವಾದಾಗ ತಿಂಗಳಿಗೆ 5,000 ರೂಪಾಯಿ ಇತ್ತು. ತಮ್ಮಾ, ನೀನು ಅದಕ್ಕೇ ಅರ್ಜಿ ಹಾಕು.

ಬೆಳ್ಳಂದೂರು ಕೋಡರ್
ಅವನಿಗೆ ಅದು ಸಿಗುವುದಿಲ್ಲ. 2024ರ ಬಜೆಟ್ಟಿನಲ್ಲಿ ಘೋಷಿಸಿ ಅದೇ ಅಕ್ಟೋಬರಿನಲ್ಲಿ ಆರಂಭಿಸಿದ ಪ್ರಾಯೋಗಿಕ ಹಂತದ ನಿಯಮದಂತೆ ವಯಸ್ಸು 21ರಿಂದ 24 ಇರಬೇಕು, ಪೂರ್ಣಾವಧಿ ವಿದ್ಯಾರ್ಥಿಯಾಗಿರಬಾರದು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು, ಮತ್ತು ಅವಧಿ 12 ತಿಂಗಳು. ಅದು ಓದು ಮುಗಿಸಿ ಕೆಲಸವಿಲ್ಲದವರಿಗಾಗಿ ಮಾಡಿದ ಯೋಜನೆ, ಬೇಸಿಗೆ ರಜೆಯ ವಿದ್ಯಾರ್ಥಿಗಳಿಗಲ್ಲ.

ಎಚ್‌ಎಸ್‌ಆರ್ ಸ್ಥಾಪಕ
ನಾನು ಒಂದು ಸಣ್ಣ ಸ್ಟಾರ್ಟಪ್ ನಡೆಸುತ್ತೇನೆ, ಆದ್ದರಿಂದ ಸಂಬಳ ಕೊಡದವರೆಲ್ಲ ಶೋಷಕರೆಂದು ತೀರ್ಮಾನಿಸುವ ಮೊದಲು ನಮ್ಮ ಕಡೆಯ ಲೆಕ್ಕವನ್ನೂ ಕೇಳಿ. ಆರನೆಯ ಸೆಮಿಸ್ಟರಿನ ವಿದ್ಯಾರ್ಥಿ ಬಂದ ಮೊದಲ ತಿಂಗಳು ಅವನಿಂದ ನಮಗೆ ಏನೂ ಸಿಗುವುದಿಲ್ಲ. ಅವನಿಗೆ ಹೇಳಿಕೊಡಲು ನಮ್ಮ ಹಿರಿಯ ಎಂಜಿನಿಯರ್ ದಿನವೂ ಒಂದೆರಡು ಗಂಟೆ ಕೊಡಬೇಕು. ಆ ಸಮಯಕ್ಕೆ ನಾವು ಸಂಬಳ ಕೊಡುತ್ತಿದ್ದೇವೆ. ಎರಡನೆಯ ತಿಂಗಳು ಅವನ ಕೈಗೆ ಕೆಲಸ ಹತ್ತುವ ಹೊತ್ತಿಗೆ ರಜೆ ಮುಗಿಯುತ್ತದೆ.

ವಿಜಯನಗರ ಪಿಜಿ
ಸರ್, ಹಾಗಾದರೆ ತೆಗೆದುಕೊಳ್ಳಬೇಡಿ. ಕಲಿಸುವುದು ದುಬಾರಿ ಎಂದ ಮೇಲೆ ಆ ವೆಚ್ಚವನ್ನು ವಿದ್ಯಾರ್ಥಿಯ ಮನೆಯವರು ಏಕೆ ಹೊರಬೇಕು? ನಾನು ದಾವಣಗೆರೆಯಿಂದ ಬಂದು ಒಂದು ಜಾಹೀರಾತು ಸಂಸ್ಥೆಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡಿದವಳು. ಹೇಳಿದ್ದು ವಿನ್ಯಾಸದ ಕೆಲಸ, ಮಾಡಿಸಿದ್ದು ದಿನವಿಡೀ ಎಕ್ಸೆಲ್ ಹಾಳೆಗೆ ಫೋನ್ ನಂಬರ್ ತುಂಬಿಸುವುದು. ಮೂವರು ಇಂಟರ್ನ್‌ಗಳು ಸೇರಿ ಒಬ್ಬ ನೌಕರನ ಕೆಲಸ ಮಾಡುತ್ತಿದ್ದೆವು. ನಾವು ಹೊರಟ ಮೇಲೆ ಇನ್ನು ಮೂವರು ಬಂದರು.

ಬೆಂಗಳೂರಿನಲ್ಲೇ ಅಪ್ಪ ಅಮ್ಮನ ಮನೆ ಇದ್ದವರು ಮೂರು ತಿಂಗಳು ಪುಕ್ಕಟೆಯಾಗಿ ದುಡಿದು ಕಂಪನಿಯ ಹೆಸರನ್ನು ರೆಸ್ಯೂಮೆಗೆ ಸೇರಿಸಿಕೊಳ್ಳಬಲ್ಲರು. ಹೊರ ಊರಿನವರಿಗೆ ಪಿಜಿ ಬಾಡಿಗೆ, ಊಟ, ಓಡಾಟ ಎಲ್ಲವೂ ಕೈಯಿಂದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಖರ್ಚಾದರೂ ತಪ್ಪಿತು. ಮೆಟ್ರೊದಲ್ಲಿ ಹೋಗುವ ಹುಡುಗರನ್ನು ಕೇಳಿ, 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 90 ರೂಪಾಯಿ ಆದ ಮೇಲೆ ತಿಂಗಳಿಗೆ ಎಷ್ಟಾಗುತ್ತದೆಂದು ಅವರೇ ಹೇಳುತ್ತಾರೆ. ಒಳ್ಳೆಯ ಕೆಲಸಕ್ಕೆ ಇಂಟರ್ನ್‌ಶಿಪ್ ಮೆಟ್ಟಿಲು ಎನ್ನುವುದಾದರೆ ಆ ಮೆಟ್ಟಿಲಿಗೆ ಕೂಡ ಪ್ರವೇಶ ಶುಲ್ಕವಿದೆ ಎಂಬುದನ್ನು ಸ್ಥಾಪಕರು ಒಪ್ಪಿಕೊಳ್ಳಲಿ.

ಎಚ್‌ಎಸ್‌ಆರ್ ಸ್ಥಾಪಕ
ಫೋನ್ ನಂಬರ್ ತುಂಬಿಸುವವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಎಲ್ಲರೂ ಕಡ್ಡಾಯವಾಗಿ ಹಣ ಕೊಡಬೇಕೆಂದರೆ ನಮ್ಮಂಥ ಸಣ್ಣವರು ಇಂಟರ್ನ್‌ಗಳನ್ನು ತೆಗೆದುಕೊಳ್ಳುವುದನ್ನೇ ಬಿಡುತ್ತೇವೆ, ಆಗ ಮೇಷ್ಟ್ರು ಹೇಳಿದ ಪ್ರಮಾಣಪತ್ರದ ಅಂಗಡಿಗಳಿಗೆ ಇನ್ನಷ್ಟು ಗಿರಾಕಿಗಳು ಸಿಗುತ್ತಾರೆ.

ವಿಜಯನಗರ ಪಿಜಿ
ಪೀಣ್ಯದ ಸಣ್ಣ ಕಾರ್ಖಾನೆಯವರು 7,000 ಕೊಡುತ್ತಿದ್ದಾರೆ ಸರ್. ಅವರಿಗೆ ಹೂಡಿಕೆದಾರರೂ ಇಲ್ಲ.

ಪ್ರಶ್ನೆ ಪತ್ರಿಕೆ
ಹಹ್ಹಾ, ಇದಕ್ಕೆ ಉತ್ತರ ಬರುವುದಿಲ್ಲ ಎಂದು ತೋರುತ್ತದೆ.

ಚಾಮರಾಜಪೇಟೆ ಬಿ.ಕಾಂ.
ಎಂಜಿನಿಯರಿಂಗ್‌ನವರ ಗದ್ದಲದಲ್ಲಿ ನಮ್ಮನ್ನು ಮರೆಯಬೇಡಿ. ನಾನು ಕೊನೆಯ ವರ್ಷದಲ್ಲಿ ಕಾಲೇಜು ಮುಗಿಸಿ ಮಧ್ಯಾಹ್ನದ ಮೇಲೆ ಒಬ್ಬ ಲೆಕ್ಕಪರಿಶೋಧಕರ ಕಚೇರಿಗೆ ಹೋಗುತ್ತಿದ್ದೆ. ತರಗತಿಯಲ್ಲಿ ಜಿಎಸ್‌ಟಿ ಎಂದರೆ ಐದು ಅಂಕದ ಟಿಪ್ಪಣಿ. ಕಚೇರಿಯಲ್ಲಿ ಅದು ತಿಂಗಳ 11ನೆಯ ಮತ್ತು 20ನೆಯ ತಾರೀಖು. ಮಾರಾಟದ ವಿವರದ ಜಿಎಸ್‌ಟಿಆರ್-1 ಒಂದು ದಿನ, ತೆರಿಗೆ ಕಟ್ಟುವ 3ಬಿ ಇನ್ನೊಂದು ದಿನ, ನಡುವೆ ಖರೀದಿ ಬಿಲ್ಲುಗಳು ಜಾಲತಾಣದ 2ಬಿ ಪಟ್ಟಿಯಲ್ಲಿ ಬಂದಿವೆಯೋ ಇಲ್ಲವೋ ಎಂದು ಒಂದೊಂದಾಗಿ ತಾಳೆ ನೋಡಬೇಕು. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೆ ಫೋನ್ ಮಾಡಿ, ಅವರಿಗೆ ಮಾಲು ಕೊಟ್ಟವರು ರಿಟರ್ನ್ ಸಲ್ಲಿಸಿಲ್ಲ, ಹಾಗಾಗಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಸಿಗುವುದಿಲ್ಲ ಎಂದು ಬೈಸಿಕೊಳ್ಳದೆ ತಿಳಿಸುವುದನ್ನು ಯಾವ ಪಠ್ಯವೂ ಕಲಿಸುವುದಿಲ್ಲ. ಈಗಿನ ಕೆಲಸದ ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಆ ತಾಳೆ ನೋಡುವ ಕೆಲಸದ ಬಗ್ಗೆ ಮಾತ್ರ.

ಪ್ರಶ್ನೆ ಪತ್ರಿಕೆ
ಇದು ಸಿಎ ಆಗಲು ಲೆಕ್ಕಪರಿಶೋಧಕರ ಬಳಿ ಮಾಡುವ ತರಬೇತಿ, ಆರ್ಟಿಕಲ್‌ಶಿಪ್ ತಾನೆ? ಅದು ಮೂರು ವರ್ಷವಲ್ಲವೆ?

ಚಾಮರಾಜಪೇಟೆ ಬಿ.ಕಾಂ.
ಅಲ್ಲ, ನಾನು ಸಿಎಗೆ ನೋಂದಾಯಿಸಿರಲಿಲ್ಲ. ಆರ್ಟಿಕಲ್‌ಶಿಪ್ ಬೇರೆ, ಅದೂ 2023ರ ಜುಲೈನಲ್ಲಿ ಬಂದ ಹೊಸ ಯೋಜನೆಯಲ್ಲಿ ಎರಡು ವರ್ಷಕ್ಕೆ ಇಳಿದಿದೆ.

ಕರಿ ಕೋಟು
ಕಾನೂನು ಓದುವ ನಮಗೆ ಬಾರ್ ಕೌನ್ಸಿಲ್ ನಿಯಮವೇ ಇದೆ: ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್. ಹಿರಿಯ ವಕೀಲರ ಕಚೇರಿ ಸಿಗಲು ಪರಿಚಯ ಬೇಕು, ಅದು ಇಲ್ಲದವರು ಸಿಟಿ ಸಿವಿಲ್ ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರ ಬಳಿ ಹೋಗುತ್ತೇವೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದರಲ್ಲೇ ಕಲಿಕೆ ಹೆಚ್ಚು, ಏಕೆಂದರೆ ಅಲ್ಲಿ ಕಕ್ಷಿದಾರನನ್ನು ಎದುರಿಗೆ ಕೂರಿಸಿಕೊಂಡು ಕಥೆ ಕೇಳುವುದರಿಂದ ಹಿಡಿದು ಕೋರ್ಟ್ ಶುಲ್ಕ ಕಟ್ಟುವವರೆಗೆ ಎಲ್ಲವೂ ನಮ್ಮ ಕೈಮೇಲೆ ಹಾಯುತ್ತದೆ.

ಇನ್ನೊಂದು ವಿಷಯ, ಮೇಲೆ ಬರೆದ ಅಕ್ಕನಂಥವರಿಗೆ ಉಪಯೋಗವಾಗಬಹುದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗಿ ಎಂಬುದರ ವ್ಯಾಖ್ಯೆಯೊಳಗೆ ಟ್ರೈನಿ, ಅಪ್ರೆಂಟಿಸ್ ಸೇರಿದ್ದಾರೆ, ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನೀನು ಇಂಟರ್ನ್, ನಿನಗೆ ಇದೆಲ್ಲ ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಿಜಯನಗರ ಪಿಜಿ
ಧನ್ಯವಾದ. ಇದನ್ನು ನಮಗೆ ಕಾಲೇಜಿನಲ್ಲಿ ಒಬ್ಬರೂ ಹೇಳಿರಲಿಲ್ಲ.

ಜಕ್ಕೂರು
ಬಿ.ಎಸ್ಸಿ. ಓದುವವರು ಕಂಪನಿಗಳ ಹಿಂದೆಯೇ ಬೀಳಬೇಕಿಲ್ಲ. ಸದಾಶಿವನಗರದಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳೊಂದಿಗೆ ಸೇರಿ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಷಿಪ್ ಕೊಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಅಂಥದೇ ಕಾರ್ಯಕ್ರಮವಿದೆ. ಅಂಥಲ್ಲಿ ಕೆಲಸ ಮಾಡಿದ ಮೇಲೆ ಪಿಎಚ್‌.ಡಿ. ತನಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯುತ್ತದೆ. ಒಗ್ಗುವುದಿಲ್ಲ ಎಂದು ಬೇಗ ತಿಳಿದರೂ ಅದು ಲಾಭವೇ. ಬೇಸಿಗೆಯ ಅವಕಾಶಗಳಿಗೆ ಅರ್ಜಿ ಕರೆಯುವುದು ಬಹಳ ಮೊದಲು, ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಜಾಲತಾಣ ನೋಡುತ್ತಿರಬೇಕು.

ಆರನೆಯ ಸೆಮಿಸ್ಟರ್
ಎಲ್ಲರಿಗೂ ಧನ್ಯವಾದಗಳು. ಬೆಳ್ಳಂದೂರಿನ ಅಣ್ಣ ಹೇಳಿದ ಪ್ರಶ್ನೆಗಳನ್ನು ಇಟ್ಟುಕೊಂಡು ಎರಡೂ ಕಡೆ ವಿಚಾರಿಸಿದೆ. ಸ್ಟಾರ್ಟಪ್‌ನವರು ನನ್ನ ಕೆಲಸ ಯಾರು ನೋಡುತ್ತಾರೆ ಎಂದು ಕೇಳಿದ್ದಕ್ಕೆ, ನಮ್ಮಲ್ಲಿ ಎಲ್ಲರೂ ತಾವೇ ಕಲಿಯುತ್ತಾರೆ ಎಂದರು. ಪೀಣ್ಯದಲ್ಲಿ ಮಾಲೀಕರು ನನ್ನನ್ನು ನೇರವಾಗಿ ಸ್ಟೋರ್‌ ಕೀಪರ್ ಬಳಿ ಕಳುಹಿಸಿದರು. ಅಲ್ಲಿ ಎಲ್ಲ ಲೆಕ್ಕವೂ ರಿಜಿಸ್ಟರಿನಲ್ಲಿದೆ; ಒಂದೇ ಬೋಲ್ಟನ್ನು ಅಳತೆಯಿಂದ ಒಬ್ಬರು, ಹಾಕುವ ಯಂತ್ರದ ಹೆಸರಿನಿಂದ ಇನ್ನೊಬ್ಬರು, ಕೊಟ್ಟ ಅಂಗಡಿಯ ಹೆಸರಿನಿಂದ ಮತ್ತೊಬ್ಬರು ಬರೆದಿದ್ದಾರೆ. ಆದ್ದರಿಂದ ಮಾಲು ಇದ್ದರೂ ಇಲ್ಲವೆಂದು ಮತ್ತೆ ತರಿಸುತ್ತಾರಂತೆ. ಅಲ್ಲಿ ಎಲ್ಲರೂ ಮಾತನಾಡುವುದು ಕನ್ನಡವಾದ್ದರಿಂದ ಎಲ್ಲವನ್ನೂ ಸಂಕೋಚವಿಲ್ಲದೆ ಕೇಳಿ ತಿಳಿದುಕೊಂಡೆ. ಒಂದೇ ಚಿಂತೆ, ಕೋಡ್ ನೋಡಿ ತಿದ್ದುವವರು ಅಲ್ಲಿ ಯಾರೂ ಇಲ್ಲ.

ಬೆಳ್ಳಂದೂರು ಕೋಡರ್
ನೀವು ಈಗ ಹೇಳಿದ ಬೋಲ್ಟಿನ ಸಮಸ್ಯೆಯೇ ನಮ್ಮ ಕ್ಷೇತ್ರದ ಅರ್ಧ ಕೆಲಸ. ದೊಡ್ಡ ಕಂಪನಿಗಳು ಅದನ್ನು ಸರಿಪಡಿಸಲು ಕೋಟಿಗಟ್ಟಲೆ ಖರ್ಚು ಮಾಡುತ್ತವೆ. ಮೊದಲ ವಾರ ಕೋಡ್ ಬರೆಯಬೇಡಿ, ಸ್ಟೋರ್‌ ಕೀಪರ್ ಪಕ್ಕದಲ್ಲಿ ಕುಳಿತು ಮಾಲು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನೋಡಿ. ರಿಜಿಸ್ಟರನ್ನು ಒಮ್ಮೆಗೇ ನಿಲ್ಲಿಸಬೇಡಿ, ಎರಡೂ ಜೊತೆಯಲ್ಲಿ ನಡೆಯಲಿ. ಕಂಪನಿಯ ಅಂಕಿಅಂಶ, ಬೆಲೆ, ಗಿರಾಕಿಗಳ ಹೆಸರು ಯಾವುದೂ ಹೊರಗೆ ಹೋಗದಂತೆ ನೋಡಿಕೊಂಡು, ಮಾಲೀಕರ ಒಪ್ಪಿಗೆ ಇದ್ದರೆ ಕೋಡನ್ನು ಮಾತ್ರ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಹಾಕಿ ಇಲ್ಲಿ ಕೊಂಡಿ ಕೊಡಿ. ವಾರಾಂತ್ಯದಲ್ಲಿ ನಾನು ನೋಡುತ್ತೇನೆ.

ಎಚ್‌ಎಸ್‌ಆರ್ ಸ್ಥಾಪಕ
ನಾನೂ ನೋಡುತ್ತೇನೆ. ಪುಕ್ಕಟೆಯಾಗಿ.

ವಿಜಯನಗರ ಪಿಜಿ
ಈಗ ಬಂದಿರಿ ದಾರಿಗೆ.

ಚಾಮರಾಜಪೇಟೆ ಬಿ.ಕಾಂ.
ಸ್ಟೈಪೆಂಡ್ ಕೊಡುವಾಗ ಕೆಲವರು ಶೇ 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ ಹಿಡಿಯುತ್ತಾರೆ. ಹಾಗೇನಾದರೂ ಹಿಡಿದರೆ ಗಾಬರಿಯಾಗಬೇಡಿ; ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಪ್ಯಾನ್ ಕಾರ್ಡ್ ಮಾತ್ರ ಮೊದಲೇ ಕೊಟ್ಟಿರಿ, ಇಲ್ಲದಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತಾರೆ.

ಜಾಲಹಳ್ಳಿ ನಿವೃತ್ತ
ಯಾರೇ ಕೇಳಿದರೂ ಮೂಲ ಅಂಕಪಟ್ಟಿಯನ್ನು ಕೊಡಬೇಡ ಮಗು, ನಕಲು ಸಾಕು. ಶಾಪ್ ಫ್ಲೋರಿಗೆ ಹೋಗುವಾಗ ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿಕೋ.

ಆರನೆಯ ಸೆಮಿಸ್ಟರ್
ಆಗಲಿ ಸರ್. ಮೇಷ್ಟ್ರೇ, ಇಂಥ ಸಣ್ಣ ಕಾರ್ಖಾನೆಯ ಇಂಟರ್ನ್‌ಶಿಪ್ಪನ್ನು ಕಾಲೇಜು ಒಪ್ಪುತ್ತದೆಯೆ? ಸಾಫ್ಟ್‌ವೇರ್ ಕಂಪನಿಯೇ ಆಗಿರಬೇಕು ಎಂದು ಕೆಲವರು ಹೆದರಿಸುತ್ತಿದ್ದಾರೆ.

ಕಾಲೇಜು ಮೇಷ್ಟ್ರು
ಕೆಲಸ ನಿಮ್ಮ ವಿಷಯಕ್ಕೆ ಸಂಬಂಧಪಟ್ಟದ್ದಾಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಾರ್ಖಾನೆಯ ಲೆಟರ್‌ಹೆಡ್‌ನಲ್ಲಿ ಆರಂಭದ ಮತ್ತು ಮುಗಿಯುವ ದಿನಾಂಕ, ಕೆಲಸದ ವಿವರ, ಅಲ್ಲಿ ನಿಮ್ಮನ್ನು ನೋಡಿಕೊಳ್ಳುವವರ ಹೆಸರು ಮತ್ತು ಹುದ್ದೆ ಇರುವ ಪತ್ರ ಬರೆಸಿಕೊಳ್ಳಿ. ಸ್ಟೋರ್‌ ಕೀಪರ್ ಆದರೂ ನಡೆಯುತ್ತದೆ, ಆದರೆ ಮಾಲೀಕರ ಸಹಿ ಇದ್ದರೆ ಪ್ರಶ್ನೆ ಬರುವುದಿಲ್ಲ. ದಿನಚರಿಯನ್ನು ಅಂದಂದೇ ಬರೆದು ವಾರಕ್ಕೊಮ್ಮೆ ಸಹಿ ಮಾಡಿಸಿ. ಕೊನೆಯ ದಿನ ಒಂದೇ ಪೆನ್ನಿನಲ್ಲಿ ತುಂಬಿದ ಡೈರಿಗಳನ್ನು ಗುರುತಿಸುವುದು ನಮಗೆ ಕಷ್ಟವಲ್ಲ. ಎಚ್‌ಒಡಿಯ ಒಪ್ಪಿಗೆಯನ್ನು ರಜೆಗೆ ಮೊದಲೇ ಪಡೆಯಿರಿ, ಆಮೇಲೆ ಅವರು ಮೌಲ್ಯಮಾಪನಕ್ಕೆ ಹೋಗಿರುತ್ತಾರೆ, ಸಿಗುವುದಿಲ್ಲ.